ಹಿತ್ತಲಿನ ಸ್ವಿಮ್ಮಿಂಗ್ ಪೂಲ್ ಬೇಡವಾಗಿದೆ. ಒಡೆಸೋದಾ, ಮುಚ್ಚಿಸೋದಾ?

ಹೊಂಗೆನೆರಳು · ನವೆಂಬರ್ 8

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ರಾಜರಾಜೇಶ್ವರಿ ನಗರದ ಹತ್ತಿರ, 60×80 ಸೈಟು. 2019ರಲ್ಲಿ ಕೊಂಡಾಗ ಹಿತ್ತಲಲ್ಲಿದ್ದ ಈಜುಕೊಳವೂ ಜೊತೆಗೇ ಬಂತು. ಹಳೆಯ ಮಾಲೀಕರು ತುಂಬ ಆಸೆಪಟ್ಟು ಕಟ್ಟಿಸಿದ್ದರಂತೆ. ತಳಕ್ಕೆ ನೀಲಿ ಮೊಸಾಯಿಕ್ ಟೈಲ್ಸು, ಮಧ್ಯದಲ್ಲಿ ಒಂದು ಡಾಲ್ಫಿನ್. ಮನೆ ನೋಡಲು ಹೋದ ದಿನ ನಮ್ಮ ಯಜಮಾನರು ಆ ಡಾಲ್ಫಿನ್ ನೋಡಿಯೇ ಮರುಳಾದರು. ನಾನು ಸಂಪು ಎಷ್ಟು ಲೀಟರಿನದು ಎಂದು ಕೇಳುತ್ತಿದ್ದೆ.

ಕೊಳ 26 ಅಡಿ ಉದ್ದ, 13 ಅಡಿ ಅಗಲ. ಒಂದು ತುದಿಯಲ್ಲಿ ಮೂರೂವರೆ ಅಡಿ ಆಳ, ಇನ್ನೊಂದು ತುದಿಯಲ್ಲಿ 6 ಅಡಿ. ಆರ್‌ಸಿಸಿ ಗೋಡೆ. ಮೊದಲ ಎರಡು ಬೇಸಿಗೆ ಚೆನ್ನಾಗಿಯೇ ಈಜಿದೆವು. ಆಮೇಲೆ ಉಳಿದಿದ್ದು ದಿನಾ ಪಂಪು ಓಡಿಸುವುದು, ಕ್ಲೋರಿನ್ ಹಾಕುವುದು, ಹೊಂಗೆ ಎಲೆ ಬಾಚುವುದು ಅಷ್ಟೇ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಅದೇ ತಿಂಗಳು ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿಯ ಆದೇಶವೂ ಬಂತು. ಅವತ್ತು ಆರಿಸಿದ ಪಂಪನ್ನು ಮತ್ತೆ ಹಾಕಿಲ್ಲ.

ಈಗ ಅರ್ಧದಷ್ಟು ಮಳೆನೀರು ನಿಂತಿದೆ. ಬಣ್ಣ ಥೇಟ್ ಪಾಲಕ್ ಸಾರು. ಮಗನಿಗೆ 3 ವರ್ಷ. ಹೋದ ಭಾನುವಾರ ಚೆಂಡು ಬಿತ್ತೆಂದು ಅಂಚಿನಲ್ಲಿ ಬಗ್ಗಿದ್ದ. ನಮ್ಮತ್ತೆ ಅಂಗಿ ಹಿಡಿದು ಎಳೆದರು. ಅಂದಿನಿಂದ ಹಿತ್ತಲ ಬಾಗಿಲಿಗೆ ಬೀಗ. ಬಟ್ಟೆ ಒಣಗಿಸುವುದೂ ಟೆರೇಸಿಗೆ ಹೋಯಿತು.

ಇಬ್ಬರು ಬಂದು ನೋಡಿಕೊಂಡು ಹೋಗಿದ್ದಾರೆ. ಒಬ್ಬರು ಪೂರ್ತಿ ಒಡೆದು, ಎಲ್ಲ ಸಾಗಿಸಿ, ಮಣ್ಣು ತುಂಬುತ್ತೇವೆ ಎಂದರು. ಇನ್ನೊಬ್ಬರು "ಯಾಕ್ ಮೇಡಂ ಒಡೆಯೋದು, ಕಟ್ಟಡ ಒಡೆದ ಡೆಬ್ರಿಸ್ ತುಂಬಿ ಮೇಲೆ ಒಂದಡಿ ಮಣ್ಣು ಹಾಕಿ ಲಾನ್ ಮಾಡಿಬಿಡೋಣ, ಎರಡೇ ದಿನ" ಎಂದರು. ಇಬ್ಬರ ರೇಟಿಗೂ ನಾಲ್ಕು ಪಟ್ಟು ವ್ಯತ್ಯಾಸ. ಮನೆ ಪಕ್ಕದ ಓಣಿ 5 ಅಡಿ ಅಷ್ಟೇ, ಜೆಸಿಬಿ ಒಳಗೆ ಬರಲ್ಲ. ಹಿಂದಿನ ಕಾಂಪೌಂಡಿಗೂ ಕೊಳಕ್ಕೂ 4 ಅಡಿ ಅಂತರ. ಇಂಥ ಕೆಲಸ ಮಾಡಿಸಿದವರು ಯಾರಾದರೂ ಇದ್ದೀರಾ?

ಟ್ಯಾಂಕರ್‌ಮಿತ್ರ · ನವೆಂಬರ್ 8

ನಾವು ಒಂದು ಟ್ಯಾಂಕರ್ ನೀರಿಗೆ ಬೆಳಗ್ಗೆ ಐದಕ್ಕೆ ಎದ್ದು ಫೋನ್ ಮಾಡ್ತೀವಿ. ಇಲ್ಲಿ ಡಾಲ್ಫಿನ್ ಸಮಸ್ಯೆ. ನಡೀಲಿ ನಡೀಲಿ.

ಗಾರೆಕೆಲಸ · ನವೆಂಬರ್ 9

ಅಕ್ಕ, ಆ ಎರಡು ದಿನದವನನ್ನು ಗೇಟಿನ ಒಳಗೆ ಬಿಡಬೇಡಿ. ನಮ್ಮಪ್ಪ ಮೇಸ್ತ್ರಿ, ನಾನೂ ಇದೇ ಕೆಲಸದಲ್ಲಿದ್ದೀನಿ. ಅವನು ಮಾಡಿಹೋದ ಮೇಲೆ ಸರಿ ಮಾಡಲು ನಮ್ಮನ್ನು ಕರೀತಾರೆ.

ಪೂಲ್ ಅಂದರೆ ನೀರು ಹೊರಗೆ ಹೋಗದಂತೆ ಕಟ್ಟಿದ ತೊಟ್ಟಿ. ಅದರ ತಳ ಒಡೆಯದೆ ಮಣ್ಣು ತುಂಬಿದರೂ ಅದು ತೊಟ್ಟಿಯೇ. ಮಳೆನೀರು ಇಳಿಯುತ್ತೆ, ಆಚೆ ಹೋಗಲು ದಾರಿ ಇರಲ್ಲ. ಬನಶಂಕರಿ ಕಡೆ ಒಂದು ಮನೆಯಲ್ಲಿ ಹೀಗೇ ಮಾಡಿದ್ದರು. ಮೇಲೆ ಹುಲ್ಲು ಹಾಸಿ ಚೆನ್ನಾಗಿತ್ತು. ಎರಡು ಮಳೆಗಾಲ ಕಳೆಯಿತು. ನಡೆದರೆ ಪಚಕ್ ಪಚಕ್. ನೆಟ್ಟಿದ್ದ ನಿಂಬೆಗಿಡದ ಬೇರು ಕೊಳೆತು ಕಿತ್ತರೆ ಕೈಗೇ ಬಂತು. ಡೆಬ್ರಿಸ್ ಜೊತೆ ಮರದ ಚೂರು, ಪ್ಲಾಸ್ಟಿಕ್, ಸಿಮೆಂಟ್ ಚೀಲ ಎಲ್ಲ ತುಂಬಿದ್ದರು. ಅದು ಕೊಳೆತು ಕುಸಿದ ಕಡೆ ಒಂದಡಿ ಗುಂಡಿ. ಕೊನೆಗೆ ಎಲ್ಲ ಎತ್ತಿ ತಳ ಒಡೆದು ಮತ್ತೆ ತುಂಬಿದೆವು. ದುಡ್ಡು ಎರಡು ಸಲ.

ಪೂರ್ತಿ ಒಡೆಯುವುದೂ ಬೇಕಿಲ್ಲ, ಮೇಲೆ ಮನೆ ಕಟ್ಟುವ ಯೋಚನೆ ಇಲ್ಲದಿದ್ದರೆ. ತಳಕ್ಕೆ ಅಲ್ಲಲ್ಲಿ ದೊಡ್ಡ ತೂತು ಹೊಡೆಯಬೇಕು, ಎರಡಡಿ ಅಗಲದ್ದು, ಆರೇಳು ಕಡೆ. ಗೋಡೆಯ ಮೇಲಿನ ಎರಡು ಮೂರು ಅಡಿ ಒಡೆದು ತೆಗೆಯಬೇಕು. ಒಡೆದ ಕಾಂಕ್ರೀಟನ್ನೇ ಸಣ್ಣ ಮಾಡಿ ತಳಕ್ಕೆ ಹಾಕಬಹುದು. ಅದರ ಮೇಲೆ ಜಲ್ಲಿ, ಜಲ್ಲಿ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು), ಆಮೇಲೆ ಮಣ್ಣು. ಬಟ್ಟೆ ಹಾಕದಿದ್ದರೆ ಮಣ್ಣು ನಿಧಾನವಾಗಿ ಜಲ್ಲಿ ಸಂದಿಗೆ ಇಳಿದು ಮೇಲೆ ತಗ್ಗು ಬೀಳುತ್ತೆ.

ಜೆಸಿಬಿ ಬರದಿದ್ದರೂ ಒಂದು ಮೀಟರ್ ಅಗಲದ ಮಿನಿ ಎಕ್ಸ್‌ಕವೇಟರ್ ಸಿಗುತ್ತೆ, ನಿಮ್ಮ ಓಣಿಯಲ್ಲಿ ಆರಾಮಾಗಿ ಹೋಗುತ್ತೆ.

ನಿವೃತ್ತಇಂಜಿನಿಯರ್ · ನವೆಂಬರ್ 9

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಒಂದು ಎಚ್ಚರಿಕೆ ಸೇರಿಸುತ್ತೇನೆ. ಈಗಲೇ ಕೊಳವನ್ನು ಖಾಲಿ ಮಾಡಬೇಡಿ.

ಲೆಕ್ಕ ನೋಡಿ. ಸರಾಸರಿ ಆಳ ನಾಲ್ಕೂ ಮುಕ್ಕಾಲು ಅಡಿ. 26ನ್ನು 13ರಿಂದ, ಅದನ್ನು 4.75ರಿಂದ ಗುಣಿಸಿದರೆ ಸುಮಾರು 1,600 ಘನ ಅಡಿ. ಅಂದರೆ 45,000 ಲೀಟರ್, 45 ಟನ್ ನೀರು. ಗೋಡೆ ಮತ್ತು ತಳ 8 ಇಂಚು ದಪ್ಪ ಎಂದುಕೊಂಡರೆ ಕಾಂಕ್ರೀಟು ಸುಮಾರು 13 ಘನ ಮೀಟರ್, ತೂಕ 33 ಟನ್ನಿನ ಆಸುಪಾಸು. ಸುತ್ತಲಿನ ಮಣ್ಣಿನಲ್ಲಿ ಅಂಚಿನ ತನಕ ನೀರು ನಿಂತರೆ ಖಾಲಿ ಕೊಳವನ್ನು ಮೇಲಕ್ಕೆ ತಳ್ಳುವ ಬಲ 58 ಟನ್. ಹಿಡಿದಿಡಲು ಇರುವುದು ಆ 33 ಟನ್ನು, ಜೊತೆಗೆ ಮಣ್ಣಿನ ಹಿಡಿತ. ಕೊಳ ದೋಣಿಯ ಹಾಗೆ ಏಳುತ್ತದೆ. ಏಳದಿದ್ದರೂ ತಳ ಸೀಳುತ್ತದೆ, ಪೈಪುಗಳು ಮುರಿಯುತ್ತವೆ.

ಕೆಲವು ಕೊಳಗಳ ತಳದಲ್ಲಿ ಇದಕ್ಕೆಂದೇ ಹೈಡ್ರೋಸ್ಟ್ಯಾಟಿಕ್ ವಾಲ್ವ್ ಇಟ್ಟಿರುತ್ತಾರೆ, ಕೆಳಗಿನ ನೀರಿನ ಒತ್ತಡ ಹೆಚ್ಚಾದರೆ ಅದು ತೆರೆದು ಆ ನೀರನ್ನು ಕೊಳದೊಳಗೆ ಬಿಡುತ್ತದೆ. ನಿಮ್ಮದರಲ್ಲಿ ಇದ್ದರೂ ಇಷ್ಟು ವರ್ಷ ಕೆಸರಿನಲ್ಲಿ ಕೂತ ಮೇಲೆ ಅದನ್ನು ನಂಬಬೇಡಿ.

ಹೊಂಗೆನೆರಳು · ನವೆಂಬರ್ 9

ಸರ್, ಒಂದು ಅನುಮಾನ. ನಮ್ಮ ಬೋರ್‌ವೆಲ್ 900 ಅಡಿ. ಅಲ್ಲೇ ನೀರಿಲ್ಲ. 6 ಅಡಿಯಲ್ಲಿ ಎಲ್ಲಿಂದ ಬರುತ್ತೆ?

ನಿವೃತ್ತಇಂಜಿನಿಯರ್ · ನವೆಂಬರ್ 9

ಎಲ್ಲರೂ ಕೇಳುವ ಪ್ರಶ್ನೆ ಇದು ಮೇಡಂ. ಬೋರ್‌ವೆಲ್ ನೀರು ಬಂಡೆಯ ಬಿರುಕಿನೊಳಗಿನದು. ನಾನು ಹೇಳುತ್ತಿರುವುದು ಮೇಲ್ಮಣ್ಣಿನ ನೀರು. ನಿಮ್ಮ ಕಡೆ ಕೆಂಪು ಮಣ್ಣು, ಅದರ ಕೆಳಗೆ ಗಟ್ಟಿ ಪದರ, ಆಮೇಲೆ ಬಂಡೆ. ಮಳೆ ಜಾಸ್ತಿ ಬಂದರೆ ನೀರು ಆ ಗಟ್ಟಿ ಪದರದ ಮೇಲೆ ಕೆಲವು ವಾರ ನಿಲ್ಲುತ್ತದೆ. ಇನ್ನೊಂದು ವಿಷಯ. ಕೊಳ ಕಟ್ಟುವಾಗ ಅದಕ್ಕಿಂತ ದೊಡ್ಡ ಗುಂಡಿ ತೋಡಿರುತ್ತಾರೆ. ಗೋಡೆ ಎದ್ದ ಮೇಲೆ ಸುತ್ತಲಿನ ಸಂದಿಗೆ ಸಡಿಲ ಮಣ್ಣು ತುಂಬುತ್ತಾರೆ. ಸುತ್ತಮುತ್ತ ಬಿದ್ದ ಮಳೆ ಆ ಸಂದಿಗೇ ಇಳಿಯುತ್ತದೆ. ಬಟ್ಟಲೊಳಗೆ ಇನ್ನೊಂದು ಬಟ್ಟಲು ಇಟ್ಟ ಹಾಗೆ.

ಪರೀಕ್ಷೆ ಸುಲಭ. ಆಳದ ತುದಿಯ ಪಕ್ಕದಲ್ಲಿ ಏಳಡಿ ಆಳದ ಸಣ್ಣ ಗುಂಡಿ ತೆಗೆಸಿ. ಮೇಲೆ ಗಟ್ಟಿ ಹಲಗೆ ಮುಚ್ಚಿ, ಮಗು ಇರುವ ಮನೆ. ಎರಡು ದಿನ ಬಿಟ್ಟು ನೋಡಿ. ಒಣಗಿದ್ದರೆ ಖಾಲಿ ಮಾಡಬಹುದು. ನೀರು ಬಂದಿದ್ದರೆ ಫೆಬ್ರುವರಿಯ ತನಕ ಕಾಯಿರಿ.

ಸರ್ಜಾಪುರರಸ್ತೆ · ನವೆಂಬರ್ 10

ಸರ್ ಹೇಳಿದ್ದನ್ನು ಕಣ್ಣಾರೆ ಕಂಡಿದ್ದೇನೆ. 2022ರ ಸೆಪ್ಟೆಂಬರ್ ಮಳೆಗೆ ನಮ್ಮ ಕಡೆಯ ಎಷ್ಟೋ ಲೇಔಟಿಗೆ ನೀರು ನುಗ್ಗಿತ್ತಲ್ವಾ, ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋಗಿದ್ದು. ನಮ್ಮ ಬೀದಿಯಲ್ಲಿ ಒಬ್ಬರು ಟೈಲ್ಸ್ ಬದಲಿಸಲು ಪೂಲ್ ಖಾಲಿ ಮಾಡಿಟ್ಟಿದ್ದರು. ನೀರೆಲ್ಲ ಇಳಿದ ಮೇಲೆ ಹೋಗಿ ನೋಡಿದರೆ ಪೂಲಿನ ಒಂದು ತುದಿ ಸುತ್ತಲಿನ ಕಲ್ಲುಹಾಸಿಗಿಂತ ಐದು ಇಂಚು ಮೇಲೆ. ಅಂಚಿನ ಗ್ರಾನೈಟ್ ಸಾಲು ಹಲ್ಲು ಕಿತ್ತ ಹಾಗೆ. ಅದನ್ನು ಮತ್ತೆ ಕೆಳಗೆ ಕೂರಿಸಲು ಆಗಲೇ ಇಲ್ಲ.

ಮಳೆಹನಿ · ನವೆಂಬರ್ 10

ಯಾಕೆ ಮುಚ್ಚುತ್ತೀರಿ? 45,000 ಲೀಟರಿನ ತೊಟ್ಟಿ ಪುಕ್ಕಟೆ ಸಿಕ್ಕಿದೆ. ಮೇಲೆ ಸ್ಲ್ಯಾಬ್ ಹಾಕಿ ಮಳೆನೀರು ತುಂಬಿಸಿ.

ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನಿಮ್ಮ ಚಾವಣಿ 2,000 ಚದರ ಅಡಿ ಎಂದುಕೊಳ್ಳಿ, ಸುಮಾರು 186 ಚದರ ಮೀಟರ್. ಒಂದೇ ಒಂದು ಇಂಚು ಮಳೆ ಬಂದರೂ, ಪೋಲಾಗುವುದನ್ನು ಕಳೆದು, 4,000 ಲೀಟರ್ ಸಿಗುತ್ತೆ. ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳ ಮಳೆಗೆ ನಿಮ್ಮ ಪೂಲ್ ತುಂಬುತ್ತೆ. 2009ರಿಂದಲೇ 2,400 ಚದರ ಅಡಿಗಿಂತ ದೊಡ್ಡ ಸೈಟಿನ ಹಳೆ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ನಿಮ್ಮದು ಅದರ ಎರಡರಷ್ಟು. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನದು. ಒಂದು ಬೆಳಗ್ಗೆ ಹೋಗಿ ಬನ್ನಿ. ಫಿಲ್ಟರ್ ಮಾದರಿಗಳನ್ನೆಲ್ಲ ಮುಟ್ಟಿ ನೋಡಬಹುದು.

ಗಾರೆಕೆಲಸ · ನವೆಂಬರ್ 10

ಮೇಡಂ, ಐಡಿಯಾ ಒಳ್ಳೆಯದೇ. ಆದರೆ 13 ಅಡಿ ಅಗಲಕ್ಕೆ ಸ್ಲ್ಯಾಬ್ ಅಂದರೆ ಬೀಮ್ ಬೇಕು. ಪೂಲ್ ಗೋಡೆಯನ್ನು ತಲೆ ಮೇಲೆ ಭಾರ ಹೊರಲಿ ಎಂದು ಕಟ್ಟಿರಲ್ಲ, ಒಳಗಿನ ನೀರು ಹೊರಗಿನ ಮಣ್ಣು ತಡೆಯಲಿ ಎಂದು ಕಟ್ಟಿರುತ್ತಾರೆ. ಒಳಗಿಂದಲೇ ಕಂಬ ಎಬ್ಬಿಸಬೇಕು. ಪೂಲ್ ಸೋರುತ್ತಿದ್ದರೆ ವಾಟರ್‌ಪ್ರೂಫಿಂಗ್ ಬೇರೆ. ಎಲ್ಲ ಲೆಕ್ಕ ಹಾಕಿದರೆ ಮುಚ್ಚುವುದಕ್ಕಿಂತ ದುಬಾರಿ.

ಟ್ಯಾಂಕರ್‌ಮಿತ್ರ · ನವೆಂಬರ್ 10

ಈಗ ತಮಾಷೆ ಬಿಟ್ಟು ಒಂದು ಮಾತು. ಸ್ಲ್ಯಾಬ್ ಹಾಕಿ ಮುಚ್ಚಿದ ತೊಟ್ಟಿಯೊಳಗೆ ಕ್ಲೀನ್ ಮಾಡಲು ಇಳಿಯುವವರ ಬಗ್ಗೆಯೂ ಯೋಚಿಸಿ. ಗಾಳಿಯಾಡದ ಸಂಪಿನಲ್ಲಿ ಆಮ್ಲಜನಕ ಕಡಿಮೆ ಇರುತ್ತೆ. ಒಬ್ಬ ತಲೆಸುತ್ತಿ ಬೀಳ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಇಳೀತಾನೆ, ಇಬ್ಬರೂ ಹೋಗ್ತಾರೆ. ಪೇಪರಿನಲ್ಲಿ ಓದ್ತಾನೇ ಇರ್ತೀವಿ. ತೊಟ್ಟಿ ಮಾಡಿಸಿದರೆ ಎರಡು ತುದಿಗೂ ಒಂದೊಂದು ದೊಡ್ಡ ಮುಚ್ಚಳ ಇಡಿಸಿ. ಇಳಿಯುವ ಮೊದಲು ಬ್ಲೋವರ್ ಹಾಕಿ ಗಾಳಿಯಾಡಿಸಿ. ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಹಗ್ಗ ಹಿಡಿದ ಜನ ಇರಬೇಕು. ಕೆಳಗಿನವನು ಬಿದ್ದರೆ ಮೇಲಿನವರು ಹಗ್ಗ ಎಳೆಯಬೇಕು, ಹಾರಬಾರದು.

ಈಶಾನ್ಯಮೂಲೆ · ನವೆಂಬರ್ 11

ಮೇಡಂ, ಕೊಳ ಯಾವ ದಿಕ್ಕಿಗಿದೆ ಎಂದು ಯಾರೂ ಕೇಳಲೇ ಇಲ್ಲವಲ್ಲ?

ಹೊಂಗೆನೆರಳು · ನವೆಂಬರ್ 11

ನೈಋತ್ಯ ಸರ್. ನಮ್ಮತ್ತೆ ಗೃಹಪ್ರವೇಶದ ದಿನವೇ ಹೇಳಿದ್ದರು. ಆರು ವರ್ಷದಿಂದ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಆ ಕೊಳದ ಕಡೆ ನೋಡುತ್ತಾರೆ.

ಈಶಾನ್ಯಮೂಲೆ · ನವೆಂಬರ್ 11

ಹಾಗಾದರೆ ಚರ್ಚೆಯೇ ಇಲ್ಲ. ಮುಚ್ಚಿಸಿ.

ಕೆಂಗೇರಿಹುಡುಗ · ನವೆಂಬರ್ 11

ಕೆಲಸ ಶುರುವಾಗಲು ಫೆಬ್ರುವರಿ ಅಂದರೆ ಇನ್ನೂ ಮೂರು ತಿಂಗಳು. ಅಲ್ಲಿವರೆಗೆ ಆ ಪಾಲಕ್ ಸಾರಿನ ಗತಿ? ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಗಪ್ಪಿ ಮೀನು ತಂದು ಬಿಡಿ, ಮರಿಗಳನ್ನೆಲ್ಲ ತಿಂದು ಮುಗಿಸುತ್ತವೆ. ಕ್ಲೋರಿನ್ ಹಾಕಿ ಎಷ್ಟೋ ಕಾಲವಾಯಿತು ಅಂದಿರಲ್ಲ, ಮೀನಿಗೆ ತೊಂದರೆ ಇಲ್ಲ. ಅದಕ್ಕಿಂತ ಮೊದಲು ಸುತ್ತ ಬೇಲಿ ಹಾಕಿಸಿ. ಬೀಗವನ್ನು ಒಂದಲ್ಲ ಒಂದು ದಿನ ಯಾರಾದರೂ ಮರೆಯುತ್ತಾರೆ.

ಒಡೆದ ಕಸದ ವಿಷಯಕ್ಕೂ ಮೊದಲೇ ಮಾತಾಡಿಕೊಳ್ಳಿ. ನಮ್ಮ ಕಡೆ ರಾತ್ರಿ ಹನ್ನೊಂದಾದರೆ ಟಿಪ್ಪರುಗಳು ಬಂದು ಕೆರೆ ಅಂಗಳಕ್ಕೆ, ಖಾಲಿ ಸೈಟಿಗೆ ಸುರಿದು ಹೋಗುತ್ತವೆ. ಬೆಳಗ್ಗೆ ನೋಡಿದರೆ ಯಾರದೋ ಬಾತ್‌ರೂಮಿನ ಟೈಲ್ಸು. ಕಟ್ಟಡ ತ್ಯಾಜ್ಯಕ್ಕೆಂದೇ ನಿಯಮಗಳಿವೆ, ಚಿಕ್ಕಜಾಲದ ಕಡೆ ಅದನ್ನು ಪುಡಿ ಮಾಡಿ ಮರುಬಳಕೆ ಮಾಡುವ ಘಟಕವೂ ಇದೆ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿರುವುದರಿಂದ ನಿಮ್ಮ ಪಾಲಿಕೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಮಳೆಹನಿ · ನವೆಂಬರ್ 12

ಸರಿ, ತೊಟ್ಟಿ ಬೇಡ ಅಂದರೆ ನಡುದಾರಿ ಒಂದಿದೆ. ಹೇಗೂ ತಳಕ್ಕೆ ತೂತು ಹೊಡೆಯುತ್ತೀರಿ. ಆಳದ ತುದಿಯ ತೂತನ್ನು ಮಳೆನೀರು ನೆಲಕ್ಕೆ ಇಳಿಸುವ ಇಂಗುಬಾವಿ ಮಾಡಿಬಿಡಿ. ಮೂರಡಿ ಅಗಲದ್ದು, ಸಿಮೆಂಟ್ ರಿಂಗ್ ಇಳಿಸಿ. ಸಾಮಾನ್ಯವಾಗಿ 20ರಿಂದ 30 ಅಡಿ ತೋಡುತ್ತಾರೆ. ನಿಮಗೆ ಮೊದಲ 6 ಅಡಿ ಬಿಟ್ಟಿ. ಸರ್ಜಾಪುರದ ಕಡೆಯ ಮಣ್ಣು ವಡ್ಡರು ತಲೆಮಾರುಗಳಿಂದ ಬಾವಿ ತೋಡುವವರು. ನಗರದಲ್ಲಿ ಹತ್ತು ಲಕ್ಷ ಇಂಗುಬಾವಿ ಮಾಡಬೇಕೆಂಬ ಅಭಿಯಾನ ನಡೆಯುತ್ತಿದೆಯಲ್ಲ, ಅದರ ಬಾವಿಗಳನ್ನು ತೋಡುತ್ತಿರುವುದು ಅವರೇ. ನಮ್ಮ ಮನೆಯದನ್ನೂ ಅವರೇ ತೋಡಿದ್ದು. ಗುದ್ದಲಿ, ಹಾರೆ, ಹಗ್ಗ, ಬುಟ್ಟಿ ಅಷ್ಟೇ. ನಾಲ್ಕು ದಿನದಲ್ಲಿ ಮುಗಿಸಿದರು.

ನಿವೃತ್ತಇಂಜಿನಿಯರ್ · ನವೆಂಬರ್ 12

ಇದು ನನಗೆ ಒಪ್ಪಿಗೆ. ಎರಡು ಷರತ್ತು. ಮನೆಯ ಪಾಯದಿಂದ ದೂರವಿರಲಿ, 15 ಅಡಿಯಾದರೂ. ಇನ್ನು ರಿಂಗುಗಳ ವಿಷಯ. ಹೊಸದಾಗಿ ತುಂಬಿದ ಮಣ್ಣಿನ ಭಾಗದಲ್ಲಿ ರಿಂಗುಗಳ ಸಂದಿಗೆ ಗಾರೆ ಹಾಕಿ ಮುಚ್ಚಬೇಕು. ಕೊಳದ ತಳಕ್ಕಿಂತ ಕೆಳಗೆ ಮಾತ್ರ ಸಂದಿ ಬಿಡಬೇಕು. ಇಲ್ಲದಿದ್ದರೆ ಬಾವಿಯ ನೀರು ತುಂಬಿದ ಮಣ್ಣಿಗೆ ನುಗ್ಗಿ ಅದನ್ನು ಕುಸಿಸುತ್ತದೆ.

ಕಾಂಪೌಂಡ್ 4 ಅಡಿಯಲ್ಲಿದೆ ಎಂದಿರಿ. ಆ ಕಡೆಯ ಕೊಳದ ಗೋಡೆ ಈಗ ಪಕ್ಕದವರ ಮಣ್ಣನ್ನೂ ಹಿಡಿದು ನಿಂತಿದೆ. ಖಾಲಿ ಇರುವಾಗ ಅದನ್ನು ಒಡೆಯಬೇಡಿ. ಮೊದಲು ಒಳಗೆ ಮಣ್ಣು ತುಂಬಿಕೊಂಡು ಬನ್ನಿ, ಮೇಲಿನ ಎರಡಡಿಗೆ ಬಂದಾಗ ಆ ಗೋಡೆಯ ತಲೆ ತೆಗೆಯಿರಿ. ಪಂಪಿನ ಮತ್ತು ನೀರೊಳಗಿನ ದೀಪಗಳ ವೈರನ್ನು ಮೊದಲ ದಿನವೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಬೋರ್ಡಿನಿಂದಲೇ ತೆಗೆಸಿ. ಸ್ವಿಚ್ ಆರಿಸಿದ್ದೇವೆ ಎಂಬ ಮಾತು ಕಾಂಕ್ರೀಟು ಒಡೆಯುವ ಬ್ರೇಕರ್ ಹಿಡಿದವನಿಗೆ ಸಾಲದು.

ಹೊಂಗೆನೆರಳು · ಫೆಬ್ರುವರಿ 22

ಮೂರು ತಿಂಗಳು ಸುದ್ದಿಯೇ ಇರಲಿಲ್ಲ, ಕ್ಷಮಿಸಿ. ಕೆಲಸ ಶುರುವಾಗಿದೆ. ಪೂರ್ತಿ ಹೇಳುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ನವೆಂಬರ್‌ನಲ್ಲಿ ಇಂಜಿನಿಯರ್ ಸರ್ ಹೇಳಿದ ಗುಂಡಿ ತೆಗೆಸಿದೆವು. ಎರಡನೇ ದಿನ ಹಲಗೆ ಸರಿಸಿ ನೋಡಿದರೆ ಮೊಣಕಾಲುದ್ದ ನೀರು! 900 ಅಡಿ ಬೋರ್‌ವೆಲ್ ಒಣಗಿರುವ ಮನೆಯಲ್ಲಿ ಏಳಡಿಯಲ್ಲಿ ನೀರು. ನಮ್ಮ ಯಜಮಾನರು ಅದರ ಫೋಟೊ ತೆಗೆದು ಅವರ ಆಫೀಸಿನವರಿಗೆಲ್ಲ ಕಳಿಸಿದರು. ಜನವರಿ ಕೊನೆಗೆ ಗುಂಡಿ ಒಣಗಿತು. ಅಷ್ಟರಲ್ಲಿ ಬೇಲಿ ಹಾಕಿಸಿ ಗಪ್ಪಿ ಬಿಟ್ಟಿದ್ದೆವು. ಮೂವತ್ತು ಮೀನು ಬಿಟ್ಟಿದ್ದು. ಖಾಲಿ ಮಾಡುವಾಗ ಎಣಿಸಲು ಆಗದಷ್ಟು. ಎರಡು ಬಕೆಟ್ ಬೀದಿಯವರಿಗೆ ಹಂಚಿದೆ.

ನೀರನ್ನು ಮೋಟಾರು ಹಚ್ಚಿ ನಾಲ್ಕು ದಿನ ನಿಧಾನವಾಗಿ ಗಿಡಗಳಿಗೆ ಬಿಟ್ಟೆವು. ಉಳಿದ ಕೆಸರು ಹೊಂಗೆ ಬುಡಕ್ಕೆ.

ಮೇಸ್ತ್ರಿ ಬ್ರೇಕರ್‌ನಲ್ಲಿ ಮೊದಲ ತೂತು ಹೊಡೆದರು. ಸದ್ದಿಗೆ ಎದುರು ಮನೆಯ ನಾಯಿ ಅವತ್ತಿಡೀ ಊಟ ಮಾಡಲಿಲ್ಲವಂತೆ. ಕಾಂಕ್ರೀಟು ಒಡೆದು, ಕಂಬಿ ಕತ್ತರಿಸಿ, ಕೆಳಗಿನ ಬೆಡ್ಡನ್ನೂ ಒಡೆದು "ಆಯ್ತು ಮೇಡಂ" ಎಂದರು. ನನಗೆ ನಂಬಿಕೆ ಬರಲಿಲ್ಲ. ಎರಡು ಕೊಡ ನೀರು ಹುಯ್ದು ಮಲಗಿದೆ. ಬೆಳಗ್ಗೆ ನೋಡಿದರೆ ನೀರು ಹಾಗೇ ಇದೆ, ಮೇಲೆ ಒಂದು ಹೊಂಗೆ ಎಲೆ ತೇಲುತ್ತಿದೆ. ತಳದ ಕೆಳಗಿನ ಮಣ್ಣನ್ನು ಕಟ್ಟುವಾಗ ಚೆನ್ನಾಗಿ ಧಮ್ಮಸ್ಸು ಹೊಡೆದಿದ್ದಾರೆ, ಕಲ್ಲಿನ ಹಾಗಾಗಿದೆ. ಪ್ರತಿ ತೂತಿನಲ್ಲೂ ಇನ್ನೂ ಎರಡಡಿ ಅಗೆಸಿ, ಮತ್ತೆ ನೀರು ಹುಯ್ದು ನೋಡಿದೆ. ಈ ಸಲ ಬೆಳಗ್ಗೆ ಹೊತ್ತಿಗೆ ಒಣಗಿತ್ತು. ಕೆಲಸ ಮಾಡಿಸುವವರು ದಯವಿಟ್ಟು ಈ ಎರಡು ಕೊಡದ ಪರೀಕ್ಷೆ ಮಾಡಿ. ಒಡೆದಿದ್ದೇವೆ ಎಂದರೆ ನೀರು ಇಳಿಯುತ್ತೆ ಎಂದೇನೂ ಅಲ್ಲ.

ಇಂಗುಬಾವಿಯೂ ಆಯಿತು. ತೋಡುವವರು ಮೂರು ಜನ ಬಂದಿದ್ದರು, ಅಣ್ಣತಮ್ಮಂದಿರು. ಹಿರಿಯರು ಪೂಲಿನ ತಳದಲ್ಲಿ ನಿಂತು ಸುತ್ತ ನೋಡಿ, "ಅಕ್ಕಾ, ಟೈಲ್ಸ್ ಹಾಕಿರೋ ಬಾವಿ ಇದೇ ಫಸ್ಟು" ಎಂದರು. 17 ಅಡಿಯಲ್ಲಿ ಕಲ್ಲು ಸಿಕ್ಕಿತು, ಅಲ್ಲಿಗೇ ನಿಲ್ಲಿಸಿದರು. ಚಾವಣಿ ನೀರು ಫಿಲ್ಟರ್ ದಾಟಿ ಅದಕ್ಕೆ ಬೀಳುತ್ತೆ. ಬಾವಿಗೆ ಕಬ್ಬಿಣದ ಗ್ರಿಲ್, ಬೀಗ.

ಡಾಲ್ಫಿನ್ ಉಳಿಸಿಕೊಳ್ಳೋಣ ಎಂದು ನಮ್ಮತ್ತೆಯೇ ಹೇಳಿದ್ದು, ನಂಬಿ. ಮೇಸ್ತ್ರಿ ಉಳಿಯಲ್ಲಿ ನಿಧಾನಕ್ಕೆ ಬಿಡಿಸಲು ನೋಡಿದರು. ಬಾಲ ಇಡಿಯಾಗಿ ಬಂತು. ತಲೆ ನೂರು ಚೂರಾಯಿತು.

ಗಾರೆಕೆಲಸ · ಫೆಬ್ರುವರಿ 22

ಎರಡು ಕೊಡದ ಪರೀಕ್ಷೆ ನಾನೂ ಇನ್ನು ಮೇಲೆ ಮಾಡ್ತೀನಿ ಅಕ್ಕ. ಮಣ್ಣು ತುಂಬುವಾಗ ಮಾತ್ರ ಯಾರಾದರೂ ಪಕ್ಕದಲ್ಲೇ ನಿಂತಿರಿ. ಎಲ್ಲ ಕೆಡುವುದೇ ಅಲ್ಲಿ. ಒಂದು ಸಲಕ್ಕೆ ಎಂಟು ಇಂಚಿಗಿಂತ ದಪ್ಪ ಪದರ ಹಾಕಬಾರದು, ನೀರು ಚಿಮುಕಿಸಬೇಕು, ಮಣ್ಣು ಅದುಮುವ ಕಂಪ್ಯಾಕ್ಟರ್ ಓಡಿಸಬೇಕು, ಆಮೇಲೇ ಮುಂದಿನದು. ಮಣ್ಣು ತೀರ ಒಣಗಿದ್ದರೂ ಕೂರಲ್ಲ, ರಾಡಿಯಾದರೂ ಕೂರಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಕೈಗೆ ನೀರು ಬಿಡಬಾರದು.

ಟ್ರ್ಯಾಕ್ಟರಿಗೆ ಸುಮಾರು 100 ಸಿಎಫ್‌ಟಿ, ಅಂದರೆ ಘನ ಅಡಿ ಲೆಕ್ಕ. ಗುಂಡಿ 1,600 ಇದ್ದರೂ ಮಣ್ಣು ಕೂತು ಇಳಿಯುವುದರಿಂದ ಇಪ್ಪತ್ತು ಲೋಡಾದರೂ ಬೇಕು. ಒಡೆದ ಕಾಂಕ್ರೀಟು ಹಾಕಿದ್ದಷ್ಟು ಕಮ್ಮಿ ಮಾಡಿಕೊಳ್ಳಿ. ಯಾರೋ ಬೇಸ್‌ಮೆಂಟ್ ಅಗೆದ ಮಣ್ಣು ಪುಕ್ಕಟೆ ಕೊಡ್ತೀವಿ ಅಂದರೆ ಮೊದಲ ಲೋಡನ್ನು ರಸ್ತೆಯಲ್ಲೇ ಸುರಿಸಿ ನೋಡಿ. ಕೆಂಪು ಮಣ್ಣಾದರೆ ತಗೊಳ್ಳಿ. ಕರಿ ಹೂಳಾದರೆ ವಾಪಸ್ ಕಳಿಸಿ.

ಹೊಂಗೆನೆರಳು · ಮಾರ್ಚ್ 9

ನೀವು ಹೇಳಿದ್ದೇ ಆಯಿತು. ಗುರುವಾರ ನಾವಿಬ್ಬರೂ ಆಫೀಸಿನಲ್ಲಿದ್ದೆವು. ಮೇಸ್ತ್ರಿ ಬೇರೆ ಸೈಟಿಗೆ ಹೋಗಿದ್ದರು. ಹುಡುಗರು ಮೂರು ಲೋಡು ಮಣ್ಣನ್ನು ಒಂದೇ ಸಲ ಎಳೆದುಹಾಕಿ, ಮೇಲೆ ಮಾತ್ರ ಕಂಪ್ಯಾಕ್ಟರ್ ಓಡಿಸಿ, ಟೀ ಕುಡಿಯಲು ಕೂತಿದ್ದಾರೆ.

ನಮ್ಮತ್ತೆ ಹಾಸನದವರು, ಹೊಲ ಮಾಡಿದವರು. ಹಾರೆ ತಂದು ಮಣ್ಣಿಗೆ ಊರಿದರಂತೆ. ಕೈಬಿಟ್ಟರೆ ಹಾರೆ ತನ್ನ ಭಾರಕ್ಕೇ ಅರ್ಧ ಒಳಗೆ ಇಳಿಯಿತಂತೆ. "ಇದೇನ್ರಪ್ಪಾ ಧಮ್ಮಸ್ಸಾ, ನೆನೆಸಿದ ಅವಲಕ್ಕೀನಾ?" ಎಂದು ಕೇಳಿ ಮೂರು ಲೋಡನ್ನೂ ಮತ್ತೆ ಬಿಡಿಸಿ ಹಾಕಿಸಿದ್ದಾರೆ. ಮರುದಿನದಿಂದ ಮಣೆ ಹಾಕಿಕೊಂಡು ಅಲ್ಲೇ ಕೂತು ಅವರೆಕಾಯಿ ಸುಲಿದರು. ಮೇಸ್ತ್ರಿ ಈಗ ನನ್ನ ಹತ್ತಿರ ಮಾತಾಡುವುದೇ ಇಲ್ಲ, ಏನಿದ್ದರೂ "ಅಜ್ಜೀರನ್ನ ಕೇಳಿ".

ಶನಿವಾರ ಮುಗಿಯಿತು. ಸುತ್ತಲಿಗಿಂತ ನಾಲ್ಕು ಇಂಚು ಎತ್ತರ ಬಿಟ್ಟು, ಬಾವಿಯ ಕಡೆಗಲ್ಲ, ಹೊರಗಿನ ಚರಂಡಿ ಕಡೆಗೆ ಇಳಿಜಾರು ಕೊಟ್ಟಿದ್ದಾರೆ. ಪೈಪ್, ಪಿವಿಸಿ ಎಲ್ಲ ಬೇರೆ ಮಾಡಿ ಗುಜರಿಗೆ. ಕಂಬಿ ಮಾರಿದ ದುಡ್ಡಲ್ಲಿ ಹುಡುಗರಿಗೆ ಬಿರಿಯಾನಿ.

ನಿವೃತ್ತಇಂಜಿನಿಯರ್ · ಮಾರ್ಚ್ 9

ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ಇಲಾಖೆಯಲ್ಲಿ ಅಂಥವರು ನಾಲ್ಕು ಜನ ಇದ್ದಿದ್ದರೆ ಸಾಕಿತ್ತು.

ಒಂದು ಮಳೆಗಾಲ ಪೂರ್ತಿ ಕಳೆಯುವ ತನಕ ಮೇಲೆ ಟೈಲ್ಸ್, ಕಾಂಕ್ರೀಟ್ ಏನೂ ಹಾಕಬೇಡಿ. ಶೆಡ್ ಕೂಡ ಬೇಡ. ಮುಂದೆ ಯಾವತ್ತಾದರೂ ರೂಮ್ ಕಟ್ಟಬೇಕೆಂದರೆ ಪಾಯ ಈ ತುಂಬಿದ ಮಣ್ಣಿನ ಮೇಲೆ ನಿಲ್ಲಬಾರದು, ಕೆಳಗಿನ ಮೂಲ ನೆಲಕ್ಕೇ ಹೋಗಬೇಕು. ಎಲ್ಲ ಹಂತದ ಫೋಟೊ ಇಟ್ಟುಕೊಳ್ಳಿ. ಕಾಂಪೌಂಡಿನಿಂದ ಅಳತೆ ಹಾಕಿ ಒಂದು ನಕ್ಷೆ ಬರೆದು ಮನೆ ಪತ್ರಗಳ ಜೊತೆ ಇಡಿ. ಮನೆ ಮಾರಿದರೆ ಕೊಳ್ಳುವವರಿಗೆ ಹೇಳಲೇಬೇಕು. ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಯಾರೋ ಪಾಯ ತೆಗೆಯುವಾಗ ನೀಲಿ ಟೈಲ್ಸ್ ಸಿಕ್ಕಿ ಗಾಬರಿಯಾಗುತ್ತಾರೆ.

ಹೊಂಗೆನೆರಳು · ಜೂನ್ 3

ಮೇ ಮಳೆ ಆದ ಮೇಲಿನ ವರದಿ. ಆಳದ ತುದಿಯಲ್ಲಿ ಎರಡು ಇಂಚು ಕೂತಿದೆ, ಉಳಿದ ಕಡೆ ಏನಿಲ್ಲ. ಅರ್ಧ ಟ್ರ್ಯಾಕ್ಟರ್ ಮಣ್ಣು ಹಾಕಿ ಸಮ ಮಾಡಿದೆವು. ಇಂಗುಬಾವಿಗೆ ಒಂದು ರಾತ್ರಿ ಅರ್ಧದಷ್ಟು ನೀರು ಬಂದು ಮೂರು ದಿನದಲ್ಲಿ ಇಂಗಿತು. ಬೋರ್‌ವೆಲ್‌ನಲ್ಲಿ ವ್ಯತ್ಯಾಸವೇನೂ ಕಾಣುತ್ತಿಲ್ಲ, ಮಳೆಹನಿ ಮೇಡಂ ಬೇಜಾರು ಮಾಡಿಕೊಳ್ಳಬೇಡಿ.

ಸದ್ಯಕ್ಕೆ ಬದನೆ, ಮೆಣಸಿನಕಾಯಿ, ಎರಡು ಪರಂಗಿ ಗಿಡ. ಪೂಲಿನ ಸ್ಟೀಲ್ ಏಣಿಯನ್ನು ಅತ್ತೆ ಗುಜರಿಗೆ ಹಾಕಲು ಬಿಡಲಿಲ್ಲ. ಮಣ್ಣಲ್ಲಿ ನೆಟ್ಟು ಹೀರೆಬಳ್ಳಿ ಹಬ್ಬಿಸಿದ್ದಾರೆ. ಹಿತ್ತಲ ಬಾಗಿಲಿನ ಬೀಗ ತೆಗೆದಾಯಿತು.

ಮಳೆಹನಿ · ಜೂನ್ 3

ಬೇಜಾರೇನಿಲ್ಲ ರೀ. ಒಂದು ಮಳೆಗೆ 900 ಅಡಿ ತನಕ ಇಳಿದುಬಿಡುತ್ತಾ? ನವೆಂಬರ್‌ನಲ್ಲಿ ಕೇಳ್ತೀನಿ.

ದೇವನಹಳ್ಳಿತೋಟ · ಜೂನ್ 7

ಹಳೆ ಚರ್ಚೆ ಹುಡುಕಿಕೊಂಡು ಬಂದೆ. ನಮ್ಮದು ಫಾರ್ಮ್‌ಹೌಸ್, ಫೈಬರ್ ಪೂಲ್, 20×10. ತೆಗೆಸಬೇಕು. ಇದೇ ಪದ್ಧತಿ ನಡೆಯುತ್ತಾ? ಹೋದ ವಾರ ಆಗಲೇ ಖಾಲಿ ಮಾಡಿಸಿದ್ದೇವೆ.

ನಿವೃತ್ತಇಂಜಿನಿಯರ್ · ಜೂನ್ 7

ಫೈಬರ್ ಆದರೆ ಒಡೆಯುವ ಕಷ್ಟವಿಲ್ಲ. ಕತ್ತರಿಸಿ ತುಂಡು ತುಂಡಾಗಿ ಎತ್ತಬಹುದು. ಕತ್ತರಿಸುವವರಿಗೆ ಮಾಸ್ಕ್, ಕನ್ನಡಕ ಕೊಡಿ, ಆ ಪುಡಿ ಒಳ್ಳೆಯದಲ್ಲ. ಆದರೆ ಅದಕ್ಕೆ ಕಾಂಕ್ರೀಟಿನ ಭಾರವಿಲ್ಲ, ಖಾಲಿ ಇದ್ದರೆ ಇನ್ನೂ ಬೇಗ ಏಳುತ್ತದೆ. ಮುಂಗಾರು ಶುರುವಾಗುವ ಹೊತ್ತಿಗೆ ಖಾಲಿ ಮಾಡಿಸಿದ್ದೀರಿ. ಇವತ್ತೇ ಹೋಗಿ ಅಂಚಿನ ಕಲ್ಲು ಎದ್ದಿದೆಯಾ ನೋಡಿ, ಫೋಟೊ ಹಾಕಿ. ಈ ವಾರವೇ ಕೆಲಸ ಶುರು ಮಾಡಲು ಆಗದಿದ್ದರೆ ತೋಟದ ಬಾವಿ ನೀರಾದರೂ ಸರಿ, ಎರಡಡಿ ತುಂಬಿಸಿಡಿ.

ದೇವನಹಳ್ಳಿತೋಟ · ಜೂನ್ 7

ಈಗ ತೋಟದಲ್ಲೇ ಇದ್ದೀನಿ ಸರ್. ಗೇಟಿನ ಕಡೆ ಅಂಚು ಒಂದು ಬೆರಳು ಮೇಲಿದೆ. ಮೋಟಾರು ಹಾಕಿಸ್ತಾ ಇದ್ದೀನಿ.